ಗಾಣದ ಸ್ಟಾರ್ಟರ್‌ಗೆ ಇಎಸ್‌ಪಿ32: ಪ್ಯಾನೆಲ್ ಮೇಡಂ ಜೊತೆ ಪ್ರಶ್ನೋತ್ತರ

(ಒಂದು ಚಾಟ್ ಗ್ರೂಪ್‌ನ ಮಾತುಕತೆ. ಇಎಸ್‌ಪಿ32, ಆರ್ಡುನೊ ಎರಡೂ ಕೋಡ್ ಬರೆದು ನಡೆಸುವ ಚಿಕ್ಕ ಕಂಟ್ರೋಲರ್ ಬೋರ್ಡ್‌ಗಳು. ಉತ್ತರ ಕೊಡುವವರು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುವ ಇಂಜಿನಿಯರ್.)

ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ: ಮೇಡಂ, 24 ವೋಲ್ಟ್ ಡಿಸಿ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕಾಯಿಲ್‌ನಿಂದ ನಡೆಯುವ ವಾಲ್ವ್) ಇದೆ, 200 ಮಿಲಿ ಆಂಪ್. ಆರ್ಡುನೊ ಪಿನ್‌ಗೆ ನೇರವಾಗಿ ಕೊಡಬಹುದಾ?

ಮೇಡಂ: ಬೇಡ. ಪಿನ್‌ನಲ್ಲಿ 5 ವೋಲ್ಟ್ ಮಾತ್ರ, ಅದೂ 20 ಮಿಲಿ ಆಂಪ್ ದಾಟಿಸಬಾರದು. ನಡುವೆ ಯುಎಲ್‌ಎನ್2003 ಹಾಕಿ, ಚಿಕ್ಕ ಸಿಗ್ನಲ್‌ನಿಂದ ದೊಡ್ಡ ಲೋಡ್ ನಡೆಸೋ ಚಿಪ್ ಅದು. ಅದರ ಕಾಮ್ ಪಿನ್ ಅನ್ನು 24 ವೋಲ್ಟ್ ಪ್ಲಸ್‌ಗೆ ಸೇರಿಸಿ. ಆಫ್ ಮಾಡಿದಾಗ ಕಾಯಿಲ್ ಹೊಡೆಯೋ ವೋಲ್ಟೇಜನ್ನು ಒಳಗಿನ ಡಯೋಡ್ ತಡೆಯುತ್ತೆ.



ಆಲೆಮನೆ, ಪಾಂಡವಪುರ: ನಮಸ್ಕಾರ ಮೇಡಂ. ಗಾಣಕ್ಕೆ 7.5 ಎಚ್‌ಪಿ ಮೋಟಾರ್, ಡಿಒಎಲ್ (ಲೈನಿಗೆ ನೇರ ಜೋಡಿಸುವ) ಸ್ಟಾರ್ಟರ್. ಸ್ಟಾರ್ಟ್ ಬಟನ್ ತೆಗೆದು ಇಎಸ್‌ಪಿ32 ಮತ್ತು ನೀಲಿ ರಿಲೇ ಮಾಡ್ಯೂಲ್ (ಸಿಗ್ನಲ್‌ನಿಂದ ಆನ್-ಆಫ್ ಆಗೋ ಸ್ವಿಚ್) ಹಾಕಿದ್ದೀನಿ, ಫೋನಿಂದ ಆನ್-ಆಫ್. ಎರಡು ತೊಂದರೆ. ಮೋಟಾರ್ ಆಫ್ ಆದಾಗೆಲ್ಲ ಇಎಸ್‌ಪಿ ರೀಸೆಟ್ ಆಗುತ್ತೆ. ಮತ್ತೆ ನಿನ್ನೆ ಕರೆಂಟ್ ಹೋಗಿ ಬಂದಾಗ ಗಾಣ ತಾನಾಗೇ ಓಡಿತು.

ಮೇಡಂ: ರೀಸೆಟ್ ಆಮೇಲೆ. ಎರಡನೇದು ಕೇಳಿ ನನಗೆ ಭಯ ಆಯ್ತು.

ಕರೆಂಟ್ ಹೋದಾಗಲೇ ಅಲ್ವಾ ನಿಮ್ಮವರು ರೋಲರ್‌ಗೆ ಸಿಕ್ಕಿಕೊಂಡ ಜಲ್ಲೆ ಎಳೆಯೋದು, ಸಿಪ್ಪೆ ಬಿಡಿಸೋದು? ಕೈ ಒಳಗಿರುವಾಗ ಕರೆಂಟ್ ಬಂದರೆ? ಹಳೇ ಬಟನ್ ಇದ್ದಾಗ ಈ ಭಯ ಇರಲಿಲ್ಲ. ಕರೆಂಟ್ ಹೋದರೆ ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗಿನ, ಕಾಯಿಲ್ ಎಳೆದು ಹಿಡಿಯೋ ದೊಡ್ಡ ಸ್ವಿಚ್) ಬಿಡ್ತಿತ್ತು, ಮತ್ತೆ ಯಾರಾದರೂ ಒತ್ತಬೇಕಿತ್ತು. ನಿಮ್ಮ ರಿಲೇ ಆ ಕಾವಲನ್ನೇ ತೆಗೆದಿದೆ. ಈ ನೀಲಿ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಪಿನ್ ಲೋ (0 ವೋಲ್ಟ್) ಆದಾಗ ಆನ್ ಆಗುವಂಥವು. ಇಎಸ್‌ಪಿ ಏಳುವಾಗ ಪಿನ್ ಒಂದು ಕ್ಷಣ ಲೋ ಆದರೂ ಗಾಣ ತಿರುಗುತ್ತೆ.

ಹೀಗೆ ಮಾಡಿ. ಸ್ಟಾರ್ಟ್ ಬಟನ್ ವಾಪಸ್ ಹಾಕಿ, ಬಟನ್ ಬಿಟ್ಟ ಮೇಲೂ ಆನ್ ಹಿಡಿದಿಡೋ ಕೆಲಸ (ಹೋಲ್ಡಿಂಗ್) ಕಾಂಟ್ಯಾಕ್ಟರ್‌ನ ಸ್ವಂತ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದಲೇ ಆಗಲಿ. ಗಾಣವನ್ನು ಫೋನಿಂದ ಸ್ಟಾರ್ಟ್ ಮಾಡೋದು ಬೇಡವೇ ಬೇಡ. ಗಾಣದ ಬಾಯಿ ಕಣ್ಣಿಗೆ ಕಾಣೋ ಜಾಗದಲ್ಲಿ ನಿಂತವರೇ ಒತ್ತಬೇಕು. ಫೋನಿಂದ ಸ್ಟಾಪ್ ಮಾತ್ರ ಸಾಕು. ಅದಕ್ಕೆ ರಿಲೇಯ ಎನ್‌ಒ (ರಿಲೇ ಆಫ್ ಇದ್ದಾಗ ತೆರೆದಿರುವ) ಕಾಂಟ್ಯಾಕ್ಟನ್ನು ಸ್ಟಾಪ್ ಬಟನ್ ಜೊತೆ ಸಾಲಾಗಿ (ಸೀರೀಸ್) ಹಾಕಿ. ಇಎಸ್‌ಪಿ ಸತ್ತರೆ ಗಾಣ ನಿಲ್ಲುತ್ತೆ, ಓಡಲ್ಲ. ಕಬ್ಬು ಕೊಡುವವರ ಕೈಗೆ ಸಿಗುವಂತೆ ಕೆಂಪು ಎಮರ್ಜೆನ್ಸಿ ಬಟನ್ ಒಂದು ಬೇಕು. ಅದು ಕಾಯಿಲ್ ಲೈನಿನಲ್ಲೇ ಇರಲಿ, ಕೋಡ್ ಮೂಲಕ ಹೋಗಬಾರದು.

ಇನ್ನು ಕಾಂಟ್ಯಾಕ್ಟರ್ ಕಾಯಿಲ್ ಎಷ್ಟು ವೋಲ್ಟ್? ಅದರ ಮೇಲೆ ಬರೆದಿರುತ್ತೆ, ಫೋಟೊ ಹಾಕಿ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಲ್ಲಿಟ್ಟುಕೊಂಡು ಆಮೇಲೆ ಮುಚ್ಚಳ ತೆಗೀರಿ.

ಪಂಪ್‌ಸೆಟ್, ಮದ್ದೂರು: ನಮ್ಮ ಬೋರ್‌ಗೆ ಆಟೋ ಸ್ಟಾರ್ಟರ್ ಇದೆ. ತ್ರೀಫೇಸ್ ಬಂದ ಕೂಡಲೇ ಓಡುತ್ತೆ. ಏನೂ ಆಗಿಲ್ಲ.

ಮೇಡಂ: ಬೋರ್‌ವೆಲ್ ಒಳಗೆ ಯಾರೂ ಕೈ ಹಾಕಲ್ಲ.

ಪಂಪ್‌ಸೆಟ್, ಮದ್ದೂರು: ರೀಸೆಟ್‌ಗೆ ಇದು ಬಂದಿತ್ತು, ನೋಡಿ. *"ಫಾರ್ವರ್ಡ್: ನ್ಯೂಟ್ರಲ್ ಮತ್ತು ಅರ್ತ್ ಸ್ಟಾರ್ಟರ್‌ನಲ್ಲೇ ಸೇರಿಸಿ. ಎಲ್ಲಾ ಕಾಯಿಲ್‌ಗೂ 4007 ಡಯೋಡ್ ಹಾಕಿ. ಬೋರ್ಡ್ ಎಂದೂ ಹ್ಯಾಂಗ್ ಆಗಲ್ಲ."*

ಮೇಡಂ: ದಯವಿಟ್ಟು ಡಿಲೀಟ್ ಮಾಡಿ. ಹಾಗೆ ಸೇರಿಸಿದ ಮೇಲೆ ನ್ಯೂಟ್ರಲ್ ತುಂಡಾದರೆ ಮೋಟಾರ್ ಬಾಡಿಗೇ ಕರೆಂಟ್ ಬರುತ್ತೆ. ಡಯೋಡ್ ಡಿಸಿ ಕಾಯಿಲ್‌ಗೆ ಮಾತ್ರ. ಎಸಿ ಕಾಯಿಲ್‌ಗೆ ಅಡ್ಡ ಹಾಕಿದರೆ ಅರ್ಧ ಸೈಕಲ್ ಪೂರ್ತಿ ಶಾರ್ಟ್. 230 ವೋಲ್ಟ್ ಎಸಿ ಕಾಯಿಲ್‌ಗೆ 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 (ಮೇನ್ಸ್‌ಗೆ ಹಾಕುವ) ಕೆಪಾಸಿಟರ್ ಸಾಲಾಗಿ ಸೇರಿಸಿದ ಸ್ನಬ್ಬರ್, ಕಾಯಿಲ್ ತುದಿಗಳಲ್ಲೇ. ಆಫ್ ಆದಾಗಿನ ವೋಲ್ಟೇಜ್ ಹೊಡೆತವನ್ನು ಅದು ನುಂಗುತ್ತೆ. ಇಂಥದ್ದನ್ನು ಓದದೆ ಕಳಿಸಬೇಡಿ, ಇಲ್ಲಿ ಹುಡುಗರು ನೋಡಿ ಹಾಗೇ ಮಾಡ್ತಾರೆ.

ಮೇಂಟೆನೆನ್ಸ್, ಹೂಟಗಳ್ಳಿ: ಇಷ್ಟೆಲ್ಲ ಯಾಕೆ? ಒಂದು ಪಿಎಲ್‌ಸಿ (ಕಾರ್ಖಾನೆಗಳಲ್ಲಿ ಬಳಸೋ ಕಂಟ್ರೋಲರ್) ಹಾಕಿ ಮುಗಿಸಿ. ಇಎಸ್‌ಪಿ ಆಟದ ಸಾಮಾನು.

ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ: ಆಟದ ಸಾಮಾನು ಅನ್ನಬೇಡಿ ಸರ್. ಆಲೆಮನೆಯವರು ಅಷ್ಟು ದುಡ್ಡು ಎಲ್ಲಿಂದ ತರ್ತಾರೆ?

ಮೇಂಟೆನೆನ್ಸ್, ಹೂಟಗಳ್ಳಿ: ಮೊದಲು ಓದು ಮುಗಿಸಪ್ಪಾ, ಆಮೇಲೆ ಹೇಳು.

ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ: ವಯಸ್ಸು ಕೇಳಿಕೊಂಡು ಕರೆಂಟ್ ಹರಿಯಲ್ಲ ಸರ್. ತಪ್ಪಿದ್ದರೆ ತಪ್ಪು ತೋರಿಸಿ.

ಮೇಂಟೆನೆನ್ಸ್, ಹೂಟಗಳ್ಳಿ: ಅಡ್ಮಿನ್, ಇವರಿಗೆ ಸ್ವಲ್ಪ ಮಾತು ಕಲಿಸಿ.

ಮೇಡಂ: ಇಬ್ಬರೂ ನಿಲ್ಲಿಸಿ. ಪಿಎಲ್‌ಸಿ ಹಾಕಿದರೂ ಇದೇ ವೈರಿಂಗ್ ಬೇಕು. ತಾನಾಗೇ ಓಡೋ ಹಾಗೆ ಜೋಡಿಸಿದರೆ ಪಿಎಲ್‌ಸಿಯೂ ಓಡಿಸುತ್ತೆ.

ಹೊಸ ಸದಸ್ಯರು, ಮೈಸೂರು: ಹಾಯ್, 24 ವೋಲ್ಟ್ ವಾಲ್ವ್ ಇಎಸ್‌ಪಿ ಪಿನ್‌ಗೆ ನೇರ ಕೊಡಬಹುದಾ?

ಮೇಡಂ: ಇಲ್ಲ. ಮೇಲೆ ಓದಿ.

ಹೊಸ ಸದಸ್ಯರು, ಮೈಸೂರು: ಐಆರ್‌ಎಫ್‌ಝಡ್44 ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡೋ ಟ್ರಾನ್ಸಿಸ್ಟರ್) ಹಾಕಿದ್ದೆ, ಬಿಸಿಯಾಗುತ್ತೆ.

ಮೇಡಂ: ಅದು ಪೂರ್ತಿ ಆನ್ ಆಗೋಕೆ ಗೇಟ್‌ಗೆ (ಕಂಟ್ರೋಲ್ ಕಾಲಿಗೆ) 10 ವೋಲ್ಟ್ ಬೇಕು. ನಿಮ್ಮ ಪಿನ್ ಕೊಡೋದು 3.3. ಮೇಲೆ ಓದಿ ಅಂದೆ.



ಆಲೆಮನೆ, ಪಾಂಡವಪುರ: ಫೋಟೊ ಹಾಕಿದ್ದೀನಿ ಮೇಡಂ. ಕಾಯಿಲ್ ಮೇಲೆ 415 ಅಂತಿದೆ. ರಿಲೇ ಮೇಲೆ 10 ಆಂಪ್, 250 ವೋಲ್ಟ್.

ಮೇಡಂ: ನೋಡಿ, ಆ ಚಿಕ್ಕ ರಿಲೇ ಎರಡು ಫೇಸ್ ನಡುವಿನ ವೋಲ್ಟೇಜ್ ಕಡೀತಿದೆ. ಕಿಡಿ ಹತ್ತಿ ಕಾಂಟ್ಯಾಕ್ಟ್ ಅಂಟಿಕೊಂಡರೆ ಫೋನಿಂದ ಆಫ್ ಮಾಡಿದರೂ ಗಾಣ ನಿಲ್ಲಲ್ಲ. ಅದೇ ಬೋರ್ಡ್ ಮೇಲೆ ಕೆಲವೇ ಮಿಲಿಮೀಟರ್ ದೂರದಲ್ಲಿ ನಿಮ್ಮ 5 ವೋಲ್ಟ್ ಇದೆ.

ಅದೇ ಕಾಂಟ್ಯಾಕ್ಟರ್‌ಗೆ 230 ವೋಲ್ಟ್ ಕಾಯಿಲ್ ಬಿಡಿಯಾಗಿ ಸಿಗುತ್ತಾ ಕೇಳಿ. ನ್ಯೂಟ್ರಲ್ ಸರಿಯಿಲ್ಲದಿದ್ದರೆ 415ರಿಂದ 230 ಮಾಡೋ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ. ಇಎಸ್‌ಪಿಯಿಂದ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಎರಡು ಕಡೆಯನ್ನೂ ಬೇರೆ ಇಡೋದು), ಅದರಿಂದ 24 ವೋಲ್ಟ್ ರಿಲೇ, ಆ ರಿಲೇಯಿಂದ 230ರ ಕಾಯಿಲ್. ಇಎಸ್‌ಪಿಗೆ ಬೇರೆ ಸಪ್ಲೈ, ರಿಲೇಗೆ ಬೇರೆ. ಆ ಎರಡು ಸಪ್ಲೈಗಳ ಗ್ರೌಂಡ್ (ಮೈನಸ್) ಒಂದಕ್ಕೊಂದು ಸೇರಿಸಬೇಡಿ. ಸ್ನಬ್ಬರ್ ಹಾಕಿದ ಮೇಲೆ ರೀಸೆಟ್ ಬಹುತೇಕ ನಿಲ್ಲುತ್ತೆ.

ಆಲೆಮನೆ, ಪಾಂಡವಪುರ: ನಾಳೆ ಬೆಳಗ್ಗೆ ಕಬ್ಬು ಬರ್ತಿದೆ ಮೇಡಂ. ಒಂದು ದಿನ ಹೀಗೇ ಓಡಿಸಲಾ?

ಮೇಡಂ: ಬೇಡ. ಇವತ್ತೇ ರಿಲೇ ಬಿಚ್ಚಿ ಹಳೇ ಬಟನ್ ಹಾಕಿ. ನಾಳೆ ಬಟನ್‌ನಲ್ಲೇ ಅರೆಯಿರಿ. ಹಾಕಿದ ಮೇಲೆ ಮೇನ್ ಇಳಿಸಿ, ಮತ್ತೆ ಏರಿಸಿ, ಗಾಣ ತಾನಾಗಿ ಓಡಲಿಲ್ಲ ಅಂತ ಕಣ್ಣಾರೆ ನೋಡಿ ನನಗೆ ಹೇಳಿ.