ಅಮ್ಮನಿಗೆ ಐದು ಕಾಯಿಲೆ, ನಾಲ್ವರು ತಜ್ಞರು: ಊರಿನ ವೈದ್ಯರನ್ನು ನೆಚ್ಚಬಹುದೇ?

ಕೇಳಿದವರು, ಮುಳ್ಳೇರಿಯ:
ನನ್ನ ತಾಯಿಯವರಿಗೆ 72 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಮೊಣಕಾಲಿನ ಸವೆತ ಹಳೆಯವು; ಮೂತ್ರಪಿಂಡದ ಶಕ್ತಿಯೂ ಕುಗ್ಗುತ್ತಿದೆಯೆಂದು ಈಚೆಗೆ ತಿಳಿಯಿತು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ; ಗಡಿಯಾಚೆಯ ಮಂಗಳೂರಿನಲ್ಲಿ ನಾಲ್ವರು ತಜ್ಞರಿಗೆ ತೋರಿಸುತ್ತಿದ್ದೇವೆ. ದಿನಕ್ಕೆ ಹನ್ನೊಂದು ಬಗೆಯ ಗುಳಿಗೆಗಳಾಗಿವೆ. ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡುತ್ತಾರೋ ಇಲ್ಲವೋ ಗೊತ್ತಾಗುವುದಿಲ್ಲ. ಅಮ್ಮನಂತೂ ಇನ್ನು ಮಂಗಳೂರಿಗೆ ಬರಲಾರೆ ಎನ್ನುತ್ತಿದ್ದಾರೆ. ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಗೇ ಎಲ್ಲವನ್ನೂ ಒಪ್ಪಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಶಿಕ್ಷಕಿ, ಪೆರ್ಲ:
ಚಿಕಿತ್ಸೆಯೆಲ್ಲವನ್ನೂ ಒಬ್ಬರೇ ಮಾಡಬೇಕೆಂದಿಲ್ಲ, ಆದರೆ ಇಡೀ ಲೆಕ್ಕ ಒಬ್ಬರ ಕೈಯಲ್ಲಿ ಇರಲೇಬೇಕು. ನನ್ನ ಯಜಮಾನರಿಗೆ ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಗಂಟುನೋವು ಮೂರೂ ಇವೆ. ಹೃದಯದ ತಜ್ಞರು ಹೃದಯವನ್ನೂ ಮೂಳೆಯ ತಜ್ಞರು ಮೊಣಕಾಲನ್ನೂ ಚೆನ್ನಾಗಿಯೇ ನೋಡಿದರು. ಬಿಡಿಬಿಡಿಯಾಗಿ ಓದಿದರೆ ಯಾರ ಚೀಟಿಯಲ್ಲೂ ತಪ್ಪಿರಲಿಲ್ಲ. ಊರಿನ ಆರೋಗ್ಯ ಕೇಂದ್ರದ ವೈದ್ಯೆಯು ಮನೆಯಲ್ಲಿರುವ ಮದ್ದುಗಳನ್ನೆಲ್ಲ, ಚೀಟಿಯಿಲ್ಲದೆ ಅಂಗಡಿಯಿಂದ ತಂದುದನ್ನೂ ಕಷಾಯದ ಬಾಟಲಿಯನ್ನೂ ಬಿಡದೆ, ಒಂದೇ ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದಾಗಲೇ, ಬೇರೆ ಬೇರೆ ಹೆಸರಿನ ಎರಡು ಗುಳಿಗೆಗಳಲ್ಲಿ ಇರುವುದು ಡೈಕ್ಲೋಫೆನಾಕ್ ಎಂಬ ಒಂದೇ ನೋವಿನ ಮದ್ದು ಎಂದು ನಮಗೆ ತಿಳಿದದ್ದು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ಮೈಯ ನೀರು ಇಳಿಸಲು ಫ್ರುಸಮೈಡ್, ಅವುಗಳ ಮೇಲೆ ಇಂಥ ನೋವಿನ ಗುಳಿಗೆ ಒಟ್ಟುಗೂಡಿದರೆ ಮೂತ್ರಪಿಂಡ ಸೋಲುವ ಅಪಾಯ ಹೆಚ್ಚೆಂದು ಅವರು ವಿವರಿಸಿದರು. ನೋವಿನ ಗುಳಿಗೆ ಅಂದೇ ನಿಂತಿತು. ಅದರ ಬದಲಿಗೆ ಪ್ಯಾರಾಸಿಟಮಾಲ್, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮತ್ತು ಒಂದು ಊರುಗೋಲು ಬಂದವು. ನಿಮ್ಮ ತಾಯಿಯವರಿಗೆ ಮೊಣಕಾಲಿನ ತೊಂದರೆಯೂ ಮೂತ್ರಪಿಂಡದ ತೊಂದರೆಯೂ ಒಟ್ಟಿಗೇ ಇರುವುದರಿಂದ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ವೈದ್ಯೆ ಯಜಮಾನರ ಮುಖ ನೋಡಿ, "ಈ ಕಾಯಿಲೆಗಳಿಂದಾಗಿ ನಿಮಗೆ ಮಾಡಲಾಗದೆ ಹೋದದ್ದು ಏನು?" ಎಂದು ಕೇಳಿದರು. ಅದುವರೆಗೆ ಎಲ್ಲರೂ ನನ್ನನ್ನೋ ಮಗನನ್ನೋ ಕೇಳುತ್ತಿದ್ದರು. ಇವರು ತಡೆಯದೆ, "ತಾಳಮದ್ದಳೆಗೆ ಹೋಗಿ ಕೂರಲಾಗುವುದಿಲ್ಲ" ಎಂದುಬಿಟ್ಟರು. ಸಂಜೆ ನಾಲ್ಕಕ್ಕೆ ಫ್ರುಸಮೈಡ್ ನುಂಗಿ ಆರಕ್ಕೆ ಕುಳಿತರೆ, ಪೀಠಿಕೆ ಮುಗಿಯುವಷ್ಟರಲ್ಲಿ ಮೂರು ಸಲ ಏಳಬೇಕಾಗುತ್ತಿತ್ತು. ಆ ನಾಚಿಕೆಗೆ ಹೋಗುವುದನ್ನೇ ಬಿಟ್ಟಿದ್ದರು. ಹೃದಯದ ತಜ್ಞರಲ್ಲಿ ಫೋನಿನಲ್ಲೇ ವಿಚಾರಿಸಿ, ಎರಡನೆಯ ಗುಳಿಗೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಬದಲಾಯಿಸಿಕೊಟ್ಟರು. ಈಗ ಇವರು ಮಂಗಳದವರೆಗೂ ಕೂರುತ್ತಾರೆ, ಮರುದಿನ ಅರ್ಥಧಾರಿಗಳ ತಪ್ಪನ್ನೂ ಹುಡುಕುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಮೊದಲು ನಾನು ಕಾವಲು ಕೂತು ನುಂಗಿಸಬೇಕಾಗಿದ್ದ ಗುಳಿಗೆಗಳನ್ನು ತಾವಾಗಿಯೇ ತೆಗೆದುಕೊಳ್ಳುತ್ತಾರೆ.

ಸಕ್ಕರೆಯ ವಿಚಾರದಲ್ಲೂ ಅವರ ನಿಲುವು ಬೇರೆಯಿತ್ತು. ಹಲವು ಕಾಯಿಲೆಗಳಿರುವ ವೃದ್ಧರಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 8ರೊಳಗೆ ಇದ್ದರೆ ಸಾಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುತ್ತದೆಯಂತೆ. ಯಜಮಾನರ ರಾತ್ರಿಯ ಊಟ ಕುಚ್ಚಿಲಕ್ಕಿ ಗಂಜಿ, ಅದೂ ಅರ್ಧ ಬಟ್ಟಲು. ಬೆಳಗಿನ ಜಾವ ಬೆವರುತ್ತಾರೆಂದು ಕೇಳಿದೊಡನೆ ಆ ಹೊತ್ತಿಗೆ ಬೆರಳು ಚುಚ್ಚಿ ನೋಡಲು ಹೇಳಿದರು, ಬಂದದ್ದು 58, ಅಂದರೆ ಸಕ್ಕರೆ ತೀರಾ ಇಳಿದಿತ್ತು. ಸಕ್ಕರೆ ಇಳಿಸುವ ರಾತ್ರಿಯ ಗುಳಿಗೆ ಗ್ಲಿಮೆಪಿರೈಡ್ ಹೋಯಿತು, ಬೆವರುವುದೂ ನಿಂತಿತು.

ನಿವೃತ್ತ ಆರೋಗ್ಯ ಇಲಾಖೆಯ ನರ್ಸ್, ಕುಂಬಳೆ:
ಮೇಲಿನ ಟೀಚರು ಹೇಳಿದ್ದು ಸರಿ. ಆದರೆ ಎಲ್ಲ ಕಡೆಯೂ ಅಂಥ ವೈದ್ಯರು ಸಿಗುತ್ತಾರೆಂದು ನಾನು ಭರವಸೆ ಕೊಡಲಾರೆ. 2017ರಲ್ಲಿ ಸರಕಾರದ ಆರ್ದ್ರಂ ಆರೋಗ್ಯ ಯೋಜನೆ ಆರಂಭವಾದ ಮೇಲೆ ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾಡುತ್ತ ಬಂದರು, ಹೊರರೋಗಿಗಳನ್ನು ನೋಡುವ (ಒ.ಪಿ.) ಸಮಯವನ್ನು ಸಂಜೆ ಆರರವರೆಗೆ ವಿಸ್ತರಿಸಿದರು. ಜೀವನಶೈಲಿ ರೋಗಗಳ ಕ್ಲಿನಿಕ್ಕಿನ ದಿನ ಜನಸಂದಣಿ ಹೆಚ್ಚು. ಆ ದಿನ ಗುಳಿಗೆ ಕೊಂಡುಬರಬಹುದೇ ಹೊರತು ಐದು ಕಾಯಿಲೆಗಳ ಮಾತುಕತೆ ನಡೆಯದು. ಬೇರೊಂದು ದಿನ ಮಧ್ಯಾಹ್ನದ ಮೇಲೆ ಹೋಗಿ, ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿ. ವೈದ್ಯರಿಗೆ ವರ್ಗವಾಗುತ್ತಲೇ ಇರುತ್ತದೆ. ಆದಕಾರಣ ಕಾಯಿಲೆಗಳು, ಗುಳಿಗೆಗಳು, ಮೂತ್ರಪಿಂಡದ ಶಕ್ತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಕೊನೆಯ ಫಲ, ಒಗ್ಗದ ಮದ್ದು ಇವುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಸಹಿ ಹಾಕಿಸಿಕೊಂಡರೆ, ಹೊಸಬರು ಬಂದಾಗ ಮೊದಲಿನಿಂದ ಕಥೆ ಹೇಳಬೇಕಾಗಿಲ್ಲ.

ಭಾಷೆಯ ಮಾತನ್ನು ಸಣ್ಣದೆಂದು ಬಿಡಬೇಡಿ. ವೈದ್ಯರು ಮಲಯಾಳದಲ್ಲಿ ಕೇಳಿದ್ದಕ್ಕೆಲ್ಲ ನಮ್ಮ ಹಿರಿಯ ಹೆಂಗಸರು ಸುಮ್ಮನೆ ತಲೆಯಾಡಿಸುವುದನ್ನು ನಾನು ನನ್ನ ಕೆಲಸದುದ್ದಕ್ಕೂ ನೋಡಿದ್ದೇನೆ. ತಲೆ ತಿರುಗುತ್ತದೆಯೇ, ಮೂತ್ರ ಹಿಡಿದಿಟ್ಟುಕೊಳ್ಳಲಾಗುವುದಿಲ್ಲವೇ, ನಿದ್ದೆ ಬರುತ್ತದೆಯೇ ಎಂಬಂಥವನ್ನು ಅವರು ಕನ್ನಡದಲ್ಲೋ ತುಳುವಿನಲ್ಲೋ ಮಾತ್ರ ಬಾಯಿಬಿಟ್ಟು ಹೇಳುತ್ತಾರೆ. ಕೇಂದ್ರದಲ್ಲಿ ಕನ್ನಡ ಬಲ್ಲ ಸಿಸ್ಟರ್ ಯಾರೆಂದು ಮೊದಲೇ ತಿಳಿದುಕೊಳ್ಳಿ. ಮಗನ ಎದುರು ಹೇಳದ ವಿಷಯಗಳೂ ಇರುತ್ತವೆ, ನೀವು ಸ್ವಲ್ಪ ಹೊತ್ತು ಹೊರಗೆ ಕುಳಿತರೆ ಒಳ್ಳೆಯದು.

ವೈದ್ಯರಲ್ಲಿ ಕೇಳಲೇಬೇಕಾದವು ಕೆಲವಿವೆ. ರಕ್ತದೊತ್ತಡವನ್ನು ಕೂತಾಗ ಮಾತ್ರವಲ್ಲದೆ ಎದ್ದು ನಿಂತ ಮೇಲೂ ಅಳೆಯಲಿ. ಮೇಲಿನ ಅಂಕೆ 20ರಷ್ಟು ಇಳಿದರೆ ಬೀಳುವ ಭಯವಿದೆ. ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಬಹುಕಾಲದಿಂದ ಇದ್ದರೆ ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಬೇಕು, ಮೂತ್ರಪಿಂಡದ ಶಕ್ತಿ ಇಳಿದಂತೆ ಅದರ ಪ್ರಮಾಣವನ್ನೂ ಇಳಿಸಬೇಕು. ಥೈರಾಯ್ಡಿನ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ನಾಲ್ಕು ಗಂಟೆಗಳ ಅಂತರವಿರಲಿ. ಇನ್ನು ಬೊಂಡ, ಅಂದರೆ ಎಳನೀರು. ಆಯಾಸವೆಂದರೆ ಸಾಕು, ನಮ್ಮಲ್ಲಿ ಮರದಿಂದ ಬೊಂಡ ಇಳಿಸಿ ಕುಡಿಸುತ್ತಾರೆ. ಮೂತ್ರಪಿಂಡ ಸೋತು ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಲ್ಲದು. ರಕ್ತಪರೀಕ್ಷೆಯ ಫಲ ನೋಡಿ ವೈದ್ಯರು ಒಪ್ಪಿದರೆ ಮಾತ್ರ ಕೊಡಿ.

ಕೃಷಿಕರು, ಮಂಜೇಶ್ವರ:
ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಮೂತ್ರಪಿಂಡದ ತಜ್ಞರನ್ನು ಮಾತ್ರ ಪೂರ್ತಿ ಬಿಡಬೇಡಿ. ಆರು ತಿಂಗಳಿಗೊಮ್ಮೆಯಾದರೂ ತೋರಿಸಿ. ಆದರೆ ಮಂಗಳೂರೊಂದನ್ನೇ ನಂಬುವುದೂ ಅಪಾಯ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ, ಹತ್ತಾರು ಕಿಲೋಮೀಟರು ದೂರದ ಆಸ್ಪತ್ರೆಯೂ ನಮಗೆ ಪರದೇಶದಂತಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಂದೆಯವರ ಕಾಗದಪತ್ರಗಳ ಪ್ರತಿ ಇಲ್ಲಿನ ವೈದ್ಯರ ಬಳಿ ಇದ್ದುದರಿಂದ ನಮ್ಮ ಮನೆಯಲ್ಲಿ ಮದ್ದು ತಪ್ಪಲಿಲ್ಲ. ಹಣದ ಬಗ್ಗೆಯೂ ಒಂದು ಮಾತು: ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ವರ್ಷಕ್ಕೆ ಐದು ಲಕ್ಷ ರೂಪಾಯಿಯ ರಕ್ಷಣೆ ಆಸ್ಪತ್ರೆಗೆ ದಾಖಲಾದವರಿಗೆ, ಪ್ರತಿ ತಿಂಗಳ ಗುಳಿಗೆಯ ಖರ್ಚು ಅದರಲ್ಲಿ ಬರುವುದಿಲ್ಲ.

ವೈದ್ಯಕೀಯ ವಿದ್ಯಾರ್ಥಿನಿ, ಬದಿಯಡ್ಕ:
ಬ್ರಿಟನ್ನಿನಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಮೂರು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳಿರುವ 1,546 ರೋಗಿಗಳು, 33 ಚಿಕಿತ್ಸಾಲಯಗಳು. ಕಾಯಿಲೆಗೊಂದು ಭೇಟಿಯ ಬದಲು ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಒಟ್ಟಿಗೆ ನೋಡುವ ವ್ಯವಸ್ಥೆ ಮಾಡಿದರು. ರೋಗಿಗಳ ಜೀವನದ ಗುಣಮಟ್ಟ ಅಳತೆಯಲ್ಲಿ ಸುಧಾರಿಸಲಿಲ್ಲ. ಆದರೆ ಚಿಕಿತ್ಸೆ ತಮ್ಮನ್ನು ಕೇಂದ್ರವಾಗಿಟ್ಟುಕೊಂಡಿದೆಯೆಂದು ಹೇಳಿದವರು ಸ್ಪಷ್ಟವಾಗಿ ಹೆಚ್ಚಿದರು. ಪವಾಡವನ್ನು ನಿರೀಕ್ಷಿಸಬೇಡಿ ಎನ್ನಲು ಇದನ್ನು ಬರೆದೆ. ಅಲ್ಲಿ ಪ್ರತಿಯೊಬ್ಬರಲ್ಲೂ ಖಿನ್ನತೆಯ ಲಕ್ಷಣಗಳನ್ನು ವಿಚಾರಿಸುತ್ತಿದ್ದರು. "ಬರಲಾರೆ" ಎನ್ನುವ ನಿಮ್ಮ ತಾಯಿಯವರಿಗೆ ಬೇಸತ್ತಿರುವುದು ಪ್ರಯಾಣವೋ, ಮನಸ್ಸೇ ಕುಗ್ಗಿದೆಯೋ ಎಂಬುದನ್ನೂ ನೋಡಿಸಿ.

ಕೇಳಿದವರು, ಮುಳ್ಳೇರಿಯ:
ಎಲ್ಲರಿಗೂ ಕೃತಜ್ಞತೆಗಳು. ಬರುವ ವಾರ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇವೆ. ಅಷ್ಟರೊಳಗೆ ಅನಗತ್ಯವೆಂದು ಕಾಣುವ ಒಂದೆರಡು ಗುಳಿಗೆಗಳನ್ನು ನಾವೇ ನಿಲ್ಲಿಸಿ ನೋಡಬಹುದೇ?

ನಿವೃತ್ತ ನರ್ಸ್, ಕುಂಬಳೆ:
ಬೇಡ. ಅಂಗಡಿಯಿಂದ ತಂದ ನೋವಿನ ಗುಳಿಗೆ ಇದ್ದರೆ ಅದನ್ನು ಬಿಡಿ; ಉಳಿದ ಯಾವುದನ್ನೂ ಮುಟ್ಟಬೇಡಿ. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಮೆಟೊಪ್ರೊಲಾಲ್‌ನಂಥವನ್ನು ಥಟ್ಟನೆ ನಿಲ್ಲಿಸಿದರೆ ಹೃದಯ ಬಡಿತ ಏರುತ್ತದೆ, ಎದೆನೋವೂ ಬರಬಹುದು. ವೈದ್ಯರು ಕಡಿಮೆ ಮಾಡುವಾಗಲೂ ಒಂದು ಸಲಕ್ಕೆ ಒಂದನ್ನೇ ಮಾಡಲಿ; ಎರಡು ಮೂರನ್ನು ಒಟ್ಟಿಗೆ ತೆಗೆದರೆ, ಆಮೇಲೆ ಕಾಲು ಊದಿದ್ದು ಯಾವುದರಿಂದ, ತಲೆ ತಿರುಗುವುದು ನಿಂತದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ನಿಲ್ಲಿಸಿದ ದಿನಾಂಕವನ್ನು ಆ ಹಾಳೆಯಲ್ಲೇ ಬರೆಯಿಸಿಕೊಳ್ಳಿ.