ತುಕ್ಕಿನ ಪ್ರಶ್ನೆಗಳು: ತೋಟದವರ ಗ್ರೂಪಿನಲ್ಲಿ ಲೋಹದ ಎಂಜಿನಿಯರ್

ಮೂಡಿಗೆರೆ: ಸಾರ್, ಗೇಟಿಗೆ ಹೋದ ವರ್ಷ ತಾನೆ ಪೇಂಟ್ ಹೊಡೆಸಿದ್ದೆ. ಮಳೆ ಹಿಡಿದ ಮೇಲೆ ಎಲ್ಲಾ ಗುಳ್ಳೆ ಎದ್ದಿದೆ.

ಎಂಜಿನಿಯರ್: ಹಳೇ ತುಕ್ಕಿನ ಮೇಲೇ ಬಳಿದಿದ್ದಾರೆ. ನೀರು, ಆಮ್ಲಜನಕ ಎರಡೂ ಸಿಕ್ಕರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಅದಕ್ಕೇ ಪೇಂಟ್ ಎಬ್ಬಿಸಿದೆ. ಪೂರ್ತಿ ಕೆರೆದು, ಪ್ರೈಮರ್ ಹೊಡೆದು, ಆಮೇಲೆ ಪೇಂಟ್.

ಬೇಲೂರು: ಕತ್ತಿಯ ತುಕ್ಕಿಗೆ ನಿಂಬೆಹಣ್ಣು, ಉಪ್ಪು, ಬ್ಲೀಚಿಂಗ್ ಪುಡಿ ಕಲಸಿ ಹಚ್ಚಿ ಅಂತ ಫಾರ್ವರ್ಡ್ ಬಂದಿದೆ. ಮಾಡಬಹುದಾ?

ಎಂಜಿನಿಯರ್: ಹುಳಿಗೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಡಿಲೀಟ್ ಮಾಡಿ. ಬರೀ ನಿಂಬೆಹುಳಿ ಸಾಕು. ತೊಳೆದು, ಒರೆಸಿ, ಎಣ್ಣೆ ಸವರಿ. ಉಪ್ಪು ಉಳಿದರೆ ಇನ್ನೂ ಬೇಗ ತುಕ್ಕು.

ಹಾಸನ: ಸ್ಲ್ಯಾಬ್ ಕಂಬಿ ಮಳೆಗೆ ಕೆಂಪಾಗಿದೆ. ಹಾಗೇ ಕಾಂಕ್ರೀಟ್ ಹಾಕಬಹುದಾ?

ಸಕಲೇಶಪುರ: ತೋಟದ ಹಳೇ ಕಬ್ಬಿಣದ ಟ್ಯಾಂಕ್, ಮುಚ್ಚಳ ಬಿಗಿ ಮಾಡಿ ಎರಡು ವರ್ಷ ಆಯ್ತು. ತಳದಲ್ಲಿ ಸ್ವಲ್ಪ ನೀರಿದೆ. ನಾಳೆ ಹುಡುಗನನ್ನು ಇಳಿಸಿ ಕೆರೆಸಬೇಕು. ಯಾವ ಬ್ರಶ್ ಒಳ್ಳೇದು?

ಎಂಜಿನಿಯರ್: ಬ್ರಶ್ ಇರಲಿ, ಯಾರನ್ನೂ ಇಳಿಸಬೇಡಿ! ಒಳಗಿನ ಗೋಡೆಯೆಲ್ಲ ತುಕ್ಕು ಹಿಡಿದಿದೆ ಅಂದರೆ ಅಷ್ಟು ಆಮ್ಲಜನಕವನ್ನು ಟ್ಯಾಂಕಿನ ಗಾಳಿಯಿಂದಲೇ ಎಳೆದುಕೊಂಡಿದೆ. ಹೊಸ ಗಾಳಿ ಬಂದಿಲ್ಲ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ ಇರುತ್ತದೆ. 19.5ಕ್ಕಿಂತ ಇಳಿದರೆ ಒಳಗೆ ಹೋಗಬಾರದು. ತೀರಾ ಕಡಿಮೆಯಾದರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮುಚ್ಚಳ ತೆಗೆದಿಟ್ಟರೆ ಸಾಲದು. ಬ್ಲೋವರ್ ಪೈಪ್ ತಳದವರೆಗೆ ಬಿಟ್ಟು ಗಾಳಿ ಹಾಯಿಸಬೇಕು, ಆಮ್ಲಜನಕ ಅಳೆಯುವ ಗ್ಯಾಸ್ ಮೀಟರ್ ಇಳಿಸಿ ಮೇಲೆ, ನಡುವೆ, ತಳ ಮೂರೂ ಕಡೆ ನೋಡಬೇಕು. ಈ ಕೆಲಸ ಗೊತ್ತಿರುವವರನ್ನೇ ಕರೆಸಿ.

ಆಲೂರು: ಸುಮ್ನೆ ಹೆದರಿಸ್ತೀರಿ. ನಮ್ಮಜ್ಜ ದೀಪ ಇಳಿಸಿ ನೋಡುತ್ತಿದ್ದರು.

ಎಂಜಿನಿಯರ್: ಮನುಷ್ಯನಿಗೆ ಸಾಲದ ಗಾಳಿಯಲ್ಲೂ ದೀಪ ಉರಿಯುತ್ತದೆ. ಒಳಗೆ ಹತ್ತಿಕೊಳ್ಳುವ ಗ್ಯಾಸ್ ಇದ್ದರೆ ಸಿಡಿಯುತ್ತದೆ. ಅಜ್ಜನ ಅದೃಷ್ಟ ಚೆನ್ನಾಗಿತ್ತು.

ಆಲೂರು: ಹಿರಿಯರ ಬಗ್ಗೆ ಮಾತು ಬೇಡ.

ಕಳಸ: ತುಕ್ಕಿನ ಹಾಗೆ ಕುದುರೆಮುಖದ ಅದಿರೂ ಕಬ್ಬಿಣದ ಆಕ್ಸೈಡೇ ಅಲ್ವಾ?

ಎಂಜಿನಿಯರ್: ಹೌದು, ಮ್ಯಾಗ್ನೆಟೈಟ್. ಕಪ್ಪಗಿರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ.

ಕೊಪ್ಪ: 2005ರ ಕೊನೆಗೆ ಗಣಿ ನಿಲ್ಲಿಸಿ ಎಷ್ಟು ಜನರ ಅನ್ನ ಕಿತ್ತರು!

ಕಳಸ: ಭದ್ರಾ ಹೊಳೆ ಕೆಂಪಾಗಿ ಹರಿದಾಗ ನೀವೆಲ್ಲಿದ್ರಿ?

ಕೊಪ್ಪ: ನಿಮ್ಮ ಮನೆ ಗೇಟು ಏನು, ಬಿದಿರಿನದಾ?

ಅಡ್ಮಿನ್: ಗಣಿ ಜಗಳ ಇಲ್ಲಿ ಬೇಡ.

ತರೀಕೆರೆ: ಸಾರ್, ನಮ್ಮ ಗೇಟಿನ ಪೇಂಟೂ ಗುಳ್ಳೆ...

ಎಂಜಿನಿಯರ್: ಮೇಲೆ ಓದಿ.

ಹಾಸನ: ನನ್ನ ಕಂಬಿ?

ಎಂಜಿನಿಯರ್: ಸಕಲೇಶಪುರದವರೇ, ಇಳಿಸುತ್ತಿಲ್ಲ ಅಂತ ಮೊದಲು ಬರೆಯಿರಿ.

ಸಕಲೇಶಪುರ: ಹುಡುಗನಿಗೆ ಬರಬೇಡ ಅಂದೆ ಸಾರ್. ನಾನೇ ಬಗ್ಗಿ ಒಂದ್ಸಲ ನೋಡಲಾ?

ಎಂಜಿನಿಯರ್: ತಲೆಯನ್ನೂ ಒಳಗೆ ಹಾಕಬೇಡಿ.