ವರ್ಷಕ್ಕೊಮ್ಮೆ ಚರ್ಮದ ಡಾಕ್ಟರಿಗೆ ಮೈಯೆಲ್ಲಾ ತೋರಿಸಬೇಕಾ?

ಸೇಡಂ ರೋಡ್ ಟೀಚರ್:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್ ನಾನು. ನನ್ನ ತಂಗಿ ಆರು ವರ್ಷದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದಾಳೆ. ಅಲ್ಲಿ ಅವಳ ಆಫೀಸಿನವರು ವರ್ಷಕ್ಕೊಮ್ಮೆ ಚರ್ಮದ ಚೆಕಪ್ ಮಾಡಿಸುತ್ತಾರಂತೆ. ನೆತ್ತಿಯಿಂದ ಅಂಗಾಲಿನ ತನಕ ಒಂದೊಂದು ಮಚ್ಚೆಯನ್ನೂ ದೀಪದ ಭೂತಗನ್ನಡಿ ಹಿಡಿದು ನೋಡುತ್ತಾರಂತೆ. ಕ್ಯಾನ್ಸರ್ ಇದ್ದರೆ ಬೇಗ ಗೊತ್ತಾಗಲಿ ಅಂತ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ರಾಗ: "ಅಕ್ಕಾ, ಅಪ್ಪನ್ನ ಕರ್ಕೊಂಡು ಹೋಗು, ನೀನೂ ತೋರಿಸ್ಕೋ."

ಅಪ್ಪನಿಗೆ 69. ಚಿತ್ತಾಪುರದ ಹತ್ತಿರ ಎಂಟು ಎಕರೆ ತೊಗರಿ ಹೊಲ. ಮೇ ತಿಂಗಳಲ್ಲೂ ತಲೆಗೆ ರುಮಾಲು ಸುತ್ತಿ ಹೊರಟೇ ಬಿಡುತ್ತಾರೆ. ಮುಖದಲ್ಲಿ, ಬೆನ್ನಲ್ಲಿ ಕಪ್ಪು ಮಚ್ಚೆ ಲೆಕ್ಕವಿಲ್ಲ. ಬಲ ಅಂಗಾಲಿನಲ್ಲೂ ಒಂದು ಕಪ್ಪು ಕಲೆ ಇದೆ, ಎರಡು ವರ್ಷ ಆಯ್ತು. ಆಣಿ ಅಂತ ಬ್ಲೇಡಿನಲ್ಲಿ ಕೆರೆಯುತ್ತಾರೆ. ಮೆಡಿಕಲ್ ಶಾಪಿನ ಆಣಿ ಪಟ್ಟಿ ಹಚ್ಚಿದ್ದೂ ಆಯ್ತು. ಕೇಳಿದರೆ "ಒಳಗ ಮುಳ್ಳು ಮುರದದ, ಬಿಡವ್ವ" ಅನ್ನುತ್ತಾರೆ.

ನಮ್ಮಂಥ ಕಪ್ಪು ಮೈಯವರಿಗೂ ಚರ್ಮದ ಕ್ಯಾನ್ಸರ್ ಬರುತ್ತದಾ? ಇಲ್ಲಿ ಚರ್ಮದ ಡಾಕ್ಟರ ಬೋರ್ಡ್ ನೋಡಿದರೆ ಬರೀ ಮೊಡವೆ, ಕೂದಲು, ಲೇಸರ್. ಅಲ್ಲಿ ಹೋಗಿ ಮೈಯೆಲ್ಲಾ ನೋಡಿ ಅಂದರೆ ನಕ್ಕುಬಿಟ್ಟಾರು.

ಓಪಿಡಿ ಸಿಸ್ಟರ್:
ಟೀಚರ್ ಅವರೇ, ನಿಮ್ಮದು ಒಂದಲ್ಲ, ಎರಡು ಪ್ರಶ್ನೆ. ಚರ್ಮದ ಓಪಿಡಿಯಲ್ಲಿ 22 ವರ್ಷ ನಿಂತವಳು ಹೇಳ್ತೀನಿ.

ಬಿಳಿ ಚರ್ಮದವರಿಗೆ ಬಿಸಿಲಿನಿಂದ ಬರುವಷ್ಟು ನಮಗೆ ಬರುವುದಿಲ್ಲ. ನಿಮ್ಮ ತಂಗಿ ಇರುವ ದೇಶದಲ್ಲಿ ಅದು ಬಹಳ ಜಾಸ್ತಿ. ಆದರೆ ಅಲ್ಲೂ ಸ್ತನ ಕ್ಯಾನ್ಸರಿಗೆ ಕರೆದಂತೆ ಎಲ್ಲರನ್ನೂ ಕರೆದು ಚರ್ಮ ನೋಡುವ ಸರ್ಕಾರಿ ಯೋಜನೆ ಇಲ್ಲ. ಅಮೆರಿಕದ ತಜ್ಞರ ಸಮಿತಿಯೊಂದು 2023ರಲ್ಲಿ ಇದನ್ನೇ ನೋಡಿತು. ಏನೂ ತೊಂದರೆ ಇಲ್ಲದವರ ಮೈಯೆಲ್ಲಾ ಸುಮ್ನೆ ನೋಡಿದರೆ ಲಾಭವೋ ನಷ್ಟವೋ ಹೇಳೋಕೆ ಆಧಾರ ಸಾಲದು ಅಂದಿತು. ಹಾಗಾಗಿ ನೀವು ವರ್ಷ ವರ್ಷ ಹೋಗದಿದ್ದರೂ ನಡೆಯುತ್ತದೆ.

ಅಪ್ಪನದು ಬೇರೆ ಮಾತು. ಅವರ ಕಾಲಲ್ಲಿ ಕಲೆ ಇದೆ! ಕಪ್ಪು ಮೈಯವರಿಗೆ ಮೆಲನೋಮಾ ಅನ್ನೋ ಅಪಾಯದ ಚರ್ಮದ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಜಾಗದಲ್ಲಿ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಮುಳ್ಳು ಚುಚ್ಚಿ ಒಳಗೆ ರಕ್ತ ಕಟ್ಟಿದ್ದರೆ ಚರ್ಮ ಬೆಳೆದ ಹಾಗೆ ಸವೆದು ಹೋಗುತ್ತದೆ, ಎರಡು ವರ್ಷ ಕೂತಿರುವುದಿಲ್ಲ. ಕಲೆಯ ಒಂದು ಅರ್ಧ ಇನ್ನೊಂದರ ಹಾಗಿದೆಯಾ, ಅಂಚು ಒಡೆದಿದೆಯಾ, ಬಣ್ಣ ಒಂದೇನಾ, ಪೆನ್ಸಿಲ್ ಹಿಂಬದಿಗಿಂತ, ಅಂದರೆ 6 ಮಿ.ಮೀ.ಗಿಂತ ದೊಡ್ಡದಾ ನೋಡಿ. ಎಲ್ಲಕ್ಕಿಂತ ಮುಖ್ಯ, ಅದು ಬದಲಾಗ್ತಾ ಇದೆಯಾ. ಬ್ಲೇಡ್ ಇವತ್ತೇ ನಿಲ್ಲಿಸಿ. ಕೆರೆದು ಕೆರೆದು ಕಲೆಯ ರೂಪವೇ ಗೊತ್ತಾಗದ ಹಾಗೆ ಆಗುತ್ತದೆ.

ಮುಖದ ಚಿಕ್ಕ ಕಪ್ಪು ಮಚ್ಚೆ, ಬೆನ್ನ ಮೇಲೆ ಮೇಣ ಅಂಟಿಸಿದಂಥವು ವಯಸ್ಸಿಗೆ ಬರುವಂಥವು, ಹೆಚ್ಚಿನವು ನಿರುಪದ್ರವಿ. ಆದರೂ ಹೋದಾಗ ತೋರಿಸಿ, ದುಡ್ಡೇನು ಜಾಸ್ತಿ ಆಗುವುದಿಲ್ಲ. ಲೇಸರ್ ಬೋರ್ಡ್ ಬೇಡ ಅನಿಸಿದರೆ ಮೆಡಿಕಲ್ ಕಾಲೇಜ್ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ. "ಅಂಗಾಲಿನ ಕಲೆ, ಎರಡು ವರ್ಷದ್ದು" ಅಂತ ಮೊದಲೇ ಹೇಳಿ. ಯಾರೂ ನಗುವುದಿಲ್ಲ. ಕೆಟ್ಟದ್ದೇ ಬಂದರೂ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಮೊದಲ ದಿನವೇ ಬೆಂಗಳೂರು ಬಸ್ಸು ಹತ್ತಬೇಕಿಲ್ಲ.

ಶಹಾಬಾದ್ ಫರ್ಸಿ:
ನಮ್ಮ ಸೋದರಮಾವನ ಕಥೆ ಹೇಳ್ತೀನಿ ಅಕ್ಕಾವ್ರೇ. ಚಿಕ್ಕವರಿದ್ದಾಗ ಒಲೆ ಬೆಂಕಿಯಲ್ಲಿ ಮೊಣಕಾಲ ಕೆಳಗೆ ಸುಟ್ಟಿತ್ತು. ಕಲೆ ಹಾಗೇ ಉಳಿದಿತ್ತು. ಮೂವತ್ತೈದು ವರ್ಷ ಆದ ಮೇಲೆ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವಾಗ ಅದೇ ಜಾಗ ಒಡೆಯಿತು. ಗಾಯ ಮಾಯಲೇ ಇಲ್ಲ. ಓಣಿಯ ಒಬ್ಬ ಡಾಕ್ಟರ್ ಎಂಟು ತಿಂಗಳು ಮುಲಾಮು, ಇಂಜೆಕ್ಷನ್, ಡ್ರೆಸಿಂಗ್ ಅಂತ ನಡೆಸಿದರು. ಶುಗರ್ ಇರಬೇಕು ಅಂದರು, ಶುಗರ್ ಇರಲಿಲ್ಲ. ಕೊನೆಗೆ ಬೇರೆ ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದಾಗ ಚರ್ಮದ ಕ್ಯಾನ್ಸರ್. ಹಳೇ ಸುಟ್ಟ ಕಲೆಯಲ್ಲಿ ಹೀಗೆ ಬರಬಹುದು ಅಂತ ಆಗಲೇ ನಮಗೆ ಗೊತ್ತಾಗಿದ್ದು. ಮಾವ ಬದುಕಿದ್ದಾರೆ, ಕಾಲಿನ ಮಾಂಸ ಒಂದಿಷ್ಟು ಹೋಯಿತು. ಆ ಎಂಟು ತಿಂಗಳ ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ಸುರಪುರದವ:
ಬಿಸಿಲಿನ ಮಾತು ಬಿಡಿ, ನೀರನ್ನೂ ಕೇಳಿ. ನಮ್ಮ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಅನ್ನೋ ವಿಷ ಸಿಕ್ಕಿತ್ತು. ಹತ್ತಿರದಲ್ಲೇ ಹಳೇ ಚಿನ್ನದ ಗಣಿ ಇದೆ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಮೈಮೇಲೆ ಮಳೆಹನಿಯ ಹಾಗೆ ಕಪ್ಪು-ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಟ್ಟಿ ಗಂಟು ಬರುತ್ತವೆ. ಮುಂದೆ ಅದೇ ಕ್ಯಾನ್ಸರ್ ಆಗಬಹುದು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎರಡೂ ಅಂಗಾಲು, ಎರಡೂ ಅಂಗೈಯಲ್ಲಿ ಗಂಟಿದ್ದರೆ ಡಾಕ್ಟರಿಗೆ ಯಾವ ನೀರು ಕುಡಿತೀರಿ ಅನ್ನೋದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಸೇಡಂ ರೋಡ್ ಟೀಚರ್:
ಸುರಪುರದವರೇ, ಅಪ್ಪನದು ಒಂದೇ ಕಾಲು, ಒಂದೇ ಕಲೆ. ನಿನ್ನೆ ಕರೆದುಕೊಂಡು ಹೋಗಿದ್ದೆ. ಗುಡಿಗೆ ಅಂತ ಸುಳ್ಳು ಹೇಳಿ ಹೊರಡಿಸಿದ್ದು, ಶರಣಬಸಪ್ಪ ಕ್ಷಮಿಸಲಿ. ಚಿಕ್ಕ ಹುಡುಗಿ ಡಾಕ್ಟರ್. ನಗಲಿಲ್ಲ. ಅಂಗಾಲಿನ ಮೇಲೆ ದೀಪದ ಗಾಜು ಇಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ತಾವೇ ಎಲ್ಲ ಬೆರಳು, ಉಗುರು, ಬೆನ್ನು ನೋಡಿದರು. ಬೆನ್ನಿನದು ಏನೂ ಅಲ್ಲವಂತೆ. ಅಂಗಾಲಿನದು ಎರಡು ಬಣ್ಣ ಇದೆ, ಅಂಚು ಸರಿಯಿಲ್ಲ ಅಂತ ಅಲ್ಲೇ ಮರಗಟ್ಟಿಸಿ ಚೂರು ತೆಗೆದರು. ಹೊಲಿಗೆ ಹಾಕಿದ್ದಾರೆ. ರಿಪೋರ್ಟಿಗೆ ಹತ್ತು ದಿನ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ತೊಗರಿ ಬಿತ್ಲಿಕ್ಕ ಹೋಗ್ಲಿಕ್ಕ ಬರ್ತದೇನ್ರಿ?" ಹೊಲಿಗೆ ಬಿಚ್ಚುವ ತನಕ ಇಲ್ಲ ಅಂದರು. ಅದಕ್ಕೆ ಇವತ್ತು ಮುಖ ಊದಿಸಿಕೊಂಡು ಕೂತಿದ್ದಾರೆ. ಬ್ಲೇಡಿನ ಪಾಕೀಟು ನನ್ನ ಬೀರುವಿನಲ್ಲಿದೆ.